ಕೈಯಲ್ಲಿರುವ ವಿದ್ಯೆ ಕಾಗದಕ್ಕೆ ಇಳಿಯಲಿ

(ದಾವಣಗೆರೆಯ ವಿದ್ಯಾನಗರದಲ್ಲಿ ಐ.ಟಿ.ಐ., ಡಿಪ್ಲೊಮಾ ಹಾಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ತಾಂತ್ರಿಕ ಬರವಣಿಗೆ, ಇ-ಕಲಿಕೆಯ ಪಾಠಗಳ ತಯಾರಿ ಮತ್ತು ಸ್ಲೈಡ್ ಪ್ರದರ್ಶನ, ಈ ಮೂರರ ಬಗ್ಗೆ ಮಾತನಾಡಬೇಕೆಂದು ನನಗೆ ತಿಳಿಸಿದ್ದಾರೆ. ಹೆಸರು ಕೇಳಿದರೆ ಇದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರಿದ ವಿಷಯ, ನಮಗೇಕೆ ಎನಿಸಬಹುದು. ಆದ್ದರಿಂದ ನಾನು ಬೆಂಗಳೂರಿಗೆ ಹೋಗದೆ, ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಿಂದಲೇ ಆರಂಭಿಸುತ್ತೇನೆ.

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಊರೂರಿನ ವರ್ಕ್‌ಶಾಪ್‌ಗಳಿಗೆ ಹೋದವು. ಇಂದಿಗೂ ಹಳೆಯ ವರ್ಕ್‌ಶಾಪ್‌ಗಳಲ್ಲಿ ಆ ಹೆಸರಿನ ಲೇತ್ ಓಡುತ್ತಿರುವುದನ್ನು ನೀವು ನೋಡಿರುತ್ತೀರಿ. 2000ದ ದಶಕದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಟರ್ನರ್, ಫಿಟ್ಟರ್, ಮೋಲ್ಡರ್ ಆಗಿದ್ದವರು ಮನೆಗೆ ಹೋದರು. ಅವರ ಜೊತೆಗೆ ಅವರ ಕೈಯಲ್ಲಿದ್ದ ವಿದ್ಯೆಯೂ ಹೋಯಿತು. ಲೇತಿನ ಬೆಡ್ಡಿಗೆ ನೀಲಿ ಹಚ್ಚಿ, ಎಲ್ಲಿ ಉಬ್ಬಿದೆ ಎಂದು ಚುಕ್ಕೆ ನೋಡಿ, ಸ್ಕ್ರೇಪರ್‌ನಿಂದ ಕೆರೆದು ಸಮ ಮಾಡುವ ಕೆಲಸ ಸುಲಭವಲ್ಲ, ವರ್ಷಗಟ್ಟಲೆ ಮಾಡಿದ ಮೇಲೆ ಕೈಗೆ ಬರುವಂಥದ್ದು. ಯಂತ್ರದ ಜೊತೆಗೆ ಕಂಪನಿಯ ಮ್ಯಾನ್ಯುಯಲ್ ಬರುತ್ತದೆ. ಆದರೆ ಇಂಥ ಕೆಲಸವನ್ನು ಕೈ ಹೇಗೆ ಮಾಡುತ್ತದೆ ಎಂಬುದನ್ನು ಮಾಡುವವರೇ ಬರೆಯಬೇಕು. ನಮ್ಮಲ್ಲಿ ಮಾಡಬಲ್ಲವರು ಬರೆಯಲಿಲ್ಲ, ಬರೆಯಬಲ್ಲವರಿಗೆ ಮಾಡಲು ಬರುತ್ತಿರಲಿಲ್ಲ.

ಇದನ್ನು ಹಳೆಯ ಕಥೆಯೆಂದು ತಳ್ಳಿಹಾಕಬೇಡಿ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಅನೇಕರ ಅಬ್ಬಾ ಗ್ಯಾರೇಜಿನಲ್ಲೋ ವೆಲ್ಡಿಂಗ್ ಅಂಗಡಿಯಲ್ಲೋ ಮಂಡಕ್ಕಿ ಭಟ್ಟಿಯಲ್ಲೋ ದುಡಿದು ನಿಮ್ಮನ್ನು ಓದಿಸುತ್ತಿದ್ದಾರೆ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷ್. ಪ್ರಾಜೆಕ್ಟನ್ನು ಸ್ವಂತ ಕೈಯಿಂದ ಮಾಡಿದ ಹುಡುಗ ವೈವಾ ದಿನ ಎರಡು ವಾಕ್ಯ ಹೇಳಲಾರದೆ ನಿಲ್ಲುತ್ತಾನೆ. ಹಣ ಕೊಟ್ಟು ಮಾಡಿಸಿದವನು ಬಾಯಿಪಾಠ ಮಾಡಿ ಒಪ್ಪಿಸುತ್ತಾನೆ. ಪರೀಕ್ಷಕರಿಗೆ ಕಾಣುವುದು ವರದಿ ಮತ್ತು ಮಾತು ಮಾತ್ರ. ಮಾಡಿದವನಿಗೆ ಅಂಕ ಹೋಗುತ್ತದೆ, ಮುಂದೆ ಕೆಲಸದ ಸಂದರ್ಶನದಲ್ಲಿಯೂ ಹಾಗೆಯೇ ಆಗುತ್ತದೆ. ಆದ್ದರಿಂದ ನಾನು ಇಂದು ಹೇಳುವುದು ಚೆಂದದ ಭಾಷೆಯ ವಿಷಯವಲ್ಲ, ಬದುಕಿನ ವಿಷಯ.

ಈ ವಿದ್ಯೆಯಲ್ಲಿ ನಮಗೆ ಒಬ್ಬ ಹಳೆಯ ಉಸ್ತಾದರಿದ್ದಾರೆ. ಅವರ ಹೆಸರು ಅಲ್ ಜಝರಿ. ಇಂದಿನ ತುರ್ಕಿಯ ದಿಯಾರ್‌ಬಕೀರ್‌ನಲ್ಲಿ ಅರ್ತುಕಿದ್ ಅರಸರ ಬಳಿ ಎಂಜಿನಿಯರ್ ಆಗಿದ್ದವರು. 1206ರಲ್ಲಿ ಅವರು ಸುಮಾರು ಐವತ್ತು ಯಂತ್ರಗಳನ್ನು ವಿವರಿಸುವ ಗ್ರಂಥವನ್ನು ಮುಗಿಸಿದರು. ನೀರಿನ ಗಡಿಯಾರಗಳು, ನೀರೆತ್ತುವ ಯಂತ್ರಗಳು, ಕಾರಂಜಿಗಳು ಎಲ್ಲ ಅದರಲ್ಲಿವೆ. ಗ್ರಂಥದ ಅರಬ್ಬಿ ಹೆಸರಿನಲ್ಲಿಯೇ ಇಲ್ಮ್ ಮತ್ತು ಅಮಲ್ ಎಂಬ ಎರಡು ಪದಗಳು ಒಟ್ಟಿಗೆ ಬರುತ್ತವೆ. ಅವರು ಬರೆದ ಕ್ರಮವನ್ನು ನೋಡಿ. ಯಂತ್ರ ಹೊರಗಿನಿಂದ ಹೇಗೆ ಕಾಣುತ್ತದೆ, ಏನು ಮಾಡುತ್ತದೆ ಎಂಬುದು ಮೊದಲು. ಆಮೇಲೆ ಭಾಗಗಳನ್ನು ಮಾಡುವ ಬಗೆ, ಅಳತೆ, ಯಾವ ಲೋಹ ಎಂಬ ವಿವರ. ಚಿತ್ರದ ಒಂದೊಂದು ಭಾಗಕ್ಕೂ ಒಂದೊಂದು ಅಕ್ಷರ ಕೊಟ್ಟು, ಬರಹದಲ್ಲಿ ಅದೇ ಅಕ್ಷರವನ್ನು ಹಿಡಿದು ವಿವರಿಸುತ್ತಾರೆ. ಡೊನಾಲ್ಡ್ ಹಿಲ್ ಎಂಬ ವಿದ್ವಾಂಸರು 1974ರಲ್ಲಿ ಈ ಗ್ರಂಥದ ಇಂಗ್ಲಿಷ್ ಅನುವಾದ ಪ್ರಕಟಿಸಿದರು. 1976ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಅವರ ಒಂದು ನೀರಿನ ಗಡಿಯಾರವನ್ನು ಆ ಬರಹದ ಆಧಾರದಿಂದ ಮತ್ತೆ ಕಟ್ಟಿದರು. ಬರೆದವರು ತೀರಿಕೊಂಡು ಏಳುನೂರ ಎಪ್ಪತ್ತು ವರ್ಷಗಳಾಗಿದ್ದವು. ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ" ಎಂದು ಹೇಳಲು ಯಾರೂ ಇರಲಿಲ್ಲ.

ತಾಂತ್ರಿಕ ಬರಹ ಎಂದರೆ ಅದೇ. ಓದುವವನ ಪಕ್ಕದಲ್ಲಿ ನೀವು ಇರುವುದಿಲ್ಲ.

ಈಗ ಲೇತಿಗೆ ಬರೋಣ. ಹೊಸದಾಗಿ ಸೇರಿದ ಐ.ಟಿ.ಐ. ಹುಡುಗನಿಗೆ ಸೂಚನೆ ಬರೆಯಬೇಕಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ಜಾಬನ್ನು ಚಕ್‌ನಲ್ಲಿ ಸರಿಯಾಗಿ ಅಳವಡಿಸಲ್ಪಟ್ಟ ನಂತರ ಯಂತ್ರವನ್ನು ಚಾಲನೆಗೊಳಿಸತಕ್ಕದ್ದು. ಚಾಲನೆಗೊಳಿಸುವ ಮುನ್ನ ಚಕ್ ಕೀಯನ್ನು ತೆಗೆಯಲಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು." ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಹುಡುಗ ಒಂದು ಕಣ್ಣು ಕಾಗದದ ಮೇಲೆ, ಒಂದು ಕೈ ಸ್ವಿಚ್ಚಿನ ಮೇಲೆ ಇಟ್ಟಿರುತ್ತಾನೆ. ಮೊದಲ ವಾಕ್ಯ ಓದಿ ಸ್ವಿಚ್ ಒತ್ತುತ್ತಾನೆ. ಎರಡನೆಯ ವಾಕ್ಯ ತಲುಪುವಷ್ಟರಲ್ಲಿ ಚಕ್ ತಿರುಗಿರುತ್ತದೆ, ಅದರಲ್ಲೇ ಸಿಕ್ಕಿಕೊಂಡಿದ್ದ ಕೀ ಹಾರಿ ಮುಖಕ್ಕೆ ಬಡಿಯಬಹುದು. ಹೀಗೆ ಬರೆಯಿರಿ:

"1. ಜಾಬನ್ನು ಚಕ್‌ನಲ್ಲಿ ಇಟ್ಟು, ಚಕ್ ಕೀಯಿಂದ ಬಿಗಿ ಮಾಡಿ.
2. ಚಕ್ ಕೀ ತೆಗೆದು ಟ್ರೇಯಲ್ಲಿ ಇಡಿ. ಕೀ ಚಕ್‌ನಲ್ಲೇ ಉಳಿದರೆ, ಯಂತ್ರ ತಿರುಗಿದ ಕೂಡಲೇ ಹಾರಿ ಮುಖಕ್ಕೆ ಬಡಿಯುತ್ತದೆ.
3. ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಜಾಬ್ ಎಲ್ಲಿಯೂ ತಾಗಬಾರದು.
4. ಯಂತ್ರ ಚಾಲೂ ಮಾಡಿ."

ಇಲ್ಲಿ ಏನೇನು ಬದಲಾಗಿದೆ ನೋಡಿ. ಒಂದು ವಾಕ್ಯಕ್ಕೆ ಒಂದು ಕೆಲಸ ಬಂದಿದೆ. ಕೈ ಯಾವ ಕ್ರಮದಲ್ಲಿ ಚಲಿಸುತ್ತದೋ ವಾಕ್ಯಗಳೂ ಅದೇ ಕ್ರಮದಲ್ಲಿವೆ. ಎಚ್ಚರಿಕೆ ಅಪಾಯಕ್ಕಿಂತ ಮೊದಲು ಬಂದಿದೆ, ಕಾರಣವೂ ಜೊತೆಗಿದೆ. ಕಾರಣ ಹೇಳದ ಎಚ್ಚರಿಕೆಯನ್ನು ನಮ್ಮ ಹುಡುಗರು ಮೇಷ್ಟ್ರು ಹೋದ ಕೂಡಲೇ ಮರೆಯುತ್ತಾರೆ. ಇನ್ನು "ಅಳವಡಿಸಲ್ಪಟ್ಟ", "ತಕ್ಕದ್ದು" ಎಂಬವು ಮಾಯವಾಗಿವೆ. ಕಚೇರಿಯ ಸುತ್ತೋಲೆಗಳಿಂದ ಬಂದ ಈ "ಲ್ಪಡು", "ಲಾಯಿತು", "ತಕ್ಕದ್ದು" ನಮ್ಮ ತಾಂತ್ರಿಕ ಕನ್ನಡಕ್ಕೆ ಹಿಡಿದ ತುಕ್ಕು. ಯಾರು ಮಾಡಬೇಕು ಎಂಬುದನ್ನೇ ಅವು ಮುಚ್ಚಿಬಿಡುತ್ತವೆ. "ಗುಂಡಿಯನ್ನು ಒತ್ತಲ್ಪಡಬೇಕು" ಎಂದು ಯಾವ ತಾಯಿಯೂ ಮಗನಿಗೆ ಹೇಳುವುದಿಲ್ಲ.

ಪದಗಳ ಬಗ್ಗೆಯೂ ಒಂದು ಮಾತು. ಚಕ್ಕನ್ನು ಚಕ್ ಎಂದೇ ಬರೆಯಿರಿ, ಟೇಲ್‌ಸ್ಟಾಕ್ ಎಂಬುದನ್ನು ಟೇಲ್‌ಸ್ಟಾಕ್ ಎಂದೇ ಬರೆಯಿರಿ. ವರ್ಕ್‌ಶಾಪಿನಲ್ಲಿ ಯಾರೂ ಆಡದ ಸಂಸ್ಕೃತ ಪದವನ್ನಾಗಲಿ ಅರಬ್ಬಿ ಪದವನ್ನಾಗಲಿ ನಿಘಂಟಿನಿಂದ ಹುಡುಕಿ ತರಬೇಡಿ. ಮತ್ತು ಒಂದು ವಸ್ತುವಿಗೆ ಒಂದೇ ಹೆಸರು. ಕಥೆ ಬರೆಯುವಾಗ ಸೂರ್ಯ, ರವಿ, ನೇಸರ ಎಂದು ಬದಲಿಸಿದರೆ ಸೊಗಸು. ಮ್ಯಾನ್ಯುಯಲ್‌ನಲ್ಲಿ ಒಮ್ಮೆ ಹ್ಯಾಂಡಲ್, ಇನ್ನೊಮ್ಮೆ ಲಿವರ್, ಮತ್ತೊಮ್ಮೆ ಹಿಡಿ ಎಂದು ಬರೆದರೆ ಓದುವವನು ಮೂರು ವಸ್ತುಗಳನ್ನು ಹುಡುಕುತ್ತಾನೆ.

"ಸ್ವಲ್ಪ", "ಚೆನ್ನಾಗಿ", "ಬೇಕಾದಷ್ಟು" ಎಂಬ ಪದಗಳು ಬಂದಲ್ಲೆಲ್ಲ ನಿಂತು ಅಂಕಿ ಹಾಕಿ, ಅಂಕಿಯ ಪಕ್ಕದಲ್ಲಿ ಮಾನ ಹಾಕಿ. ನಮ್ಮ ಬಡಗಿಗಳೂ ಫ್ಯಾಬ್ರಿಕೇಶನ್‌ನವರೂ ಇಂದಿಗೂ ಸೂತಿನಲ್ಲಿ ಲೆಕ್ಕ ಹೇಳುತ್ತಾರೆ. ಒಂದು ಸೂತ್ ಎಂದರೆ ಇಂಚಿನ ಎಂಟನೆಯ ಒಂದು ಭಾಗ, ಮೂರು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ನಿಖರವಾಗಿ 3.175. ಡ್ರಾಯಿಂಗ್ ಮಿಲಿಮೀಟರ್‌ನಲ್ಲಿ, ಮಾತು ಸೂತಿನಲ್ಲಿ ಆದರೆ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಇದು ಅಮೆರಿಕದ ನಾಸಾದವರಿಗೂ ತಪ್ಪಿದ್ದಲ್ಲ. ಒಂದು ತಂಡ ಪೌಂಡ್ ಲೆಕ್ಕದಲ್ಲಿಯೂ ಇನ್ನೊಂದು ತಂಡ ನ್ಯೂಟನ್ ಲೆಕ್ಕದಲ್ಲಿಯೂ ಕೆಲಸ ಮಾಡಿದ ಕಾರಣ 1999ರ ಸೆಪ್ಟೆಂಬರ್‌ನಲ್ಲಿ ಅವರ ಒಂದು ಮಂಗಳ ನೌಕೆ ನಾಶವಾಯಿತು.

ಇಂಗ್ಲಿಷಿನಲ್ಲಿ ವರದಿ ಬರೆಯಬೇಕಾದವರಿಗೆ ನನ್ನ ಸಲಹೆ: ಮೊದಲು ಗೆಳೆಯನಿಗೆ ಹೇಳುವಂತೆ ಉರ್ದುವಿನಲ್ಲೋ ಕನ್ನಡದಲ್ಲೋ ಬಾಯಿಬಿಟ್ಟು ಹೇಳಿ. ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿ. ಹಿಂದಿನ ಬ್ಯಾಚಿನ ವರದಿಯಿಂದ ಮೊದಲ ಎರಡು ಅಧ್ಯಾಯಗಳನ್ನು ನಕಲು ಮಾಡುವ ಪದ್ಧತಿಯನ್ನು ಎಲ್ಲರೂ ಬಲ್ಲರು, ಪರೀಕ್ಷಕರೂ ಬಲ್ಲರು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ, ಕೇಳಿದರೆ ಒಂದು ನಿಮಿಷದಲ್ಲಿ ಹತ್ತು ಪುಟ ಬರೆದು ಕೊಡುತ್ತವೆ. ವ್ಯಾಕರಣ ತಿದ್ದಿಸಿಕೊಳ್ಳಲು ಅವನ್ನು ಬಳಸಿ, ನನ್ನ ಆಕ್ಷೇಪವಿಲ್ಲ. ಆದರೆ ನೀವು ಮಾಡಿದ ಯಂತ್ರದ ಲಿವರ್ ಎಡಕ್ಕಿದೆಯೋ ಬಲಕ್ಕಿದೆಯೋ, ಮೂರನೆಯ ಸಲ ಪರೀಕ್ಷೆ ಮಾಡಿದಾಗ ಬೆಲ್ಟ್ ಏಕೆ ಜಾರಿತು ಎಂಬುದು ಅವಕ್ಕೆ ತಿಳಿಯದು. ವೈವಾದಲ್ಲಿ ಕೇಳುವುದು ಅದನ್ನೇ.

ಬರೆದಾದ ಮೇಲೆ ಪರೀಕ್ಷಿಸುವ ವಿಧಾನ ಒಂದೇ. ಆ ಕೆಲಸ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ತಮ್ಮನಾದರೂ ಸರಿ, ಅಮ್ಮಿಯಾದರೂ ಸರಿ. ಕಾಗದ ಕೈಗೆ ಕೊಟ್ಟು ಕೆಲಸ ಮಾಡಲು ಹೇಳಿ. ನೀವು ಬಾಯಿ ಮುಚ್ಚಿಕೊಂಡು ನೋಡಿ. ಇದೇ ಬಹಳ ಕಷ್ಟದ ಭಾಗ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. "ಅಷ್ಟೂ ತಿಳಿಯೋದಿಲ್ವಾ" ಎಂದು ಅವರ ಮೇಲೆ ರೇಗಬೇಡಿ, ವಾಕ್ಯವನ್ನು ತಿದ್ದಿ.

ಇನ್ನು ಇ-ಕಲಿಕೆ. ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕಾಗಿಯೇ ಎಡುಸ್ಯಾಟ್ ಉಪಗ್ರಹವನ್ನು ಹಾರಿಸಿದಾಗ, ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಅದಕ್ಕೂ ಮೊದಲು, 2003ರಲ್ಲಿ, ಐ.ಐ.ಟಿ.ಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟಿಇಎಲ್ ಆರಂಭಿಸಿದ್ದವು. 2017ರಲ್ಲಿ ಸ್ವಯಂ ಮತ್ತು ದೀಕ್ಷಾ ಬಂದವು. ಇವೆಲ್ಲ ಒಳ್ಳೆಯ ಕೆಲಸಗಳೇ, ಪ್ರಯೋಜನ ಪಡೆಯಿರಿ. ಆದರೆ ಬಹುಕಾಲ ನಮ್ಮವರು ಇ-ಕಲಿಕೆ ಎಂದರೆ ಒಂದು ಗಂಟೆಯ ತರಗತಿಯನ್ನು ಕ್ಯಾಮೆರಾ ಮುಂದೆ ಮಾಡುವುದು ಎಂದೇ ತಿಳಿದಿದ್ದರು. ಕೋವಿಡ್ ಬಂದ 2020ರಲ್ಲಿ ಆ ತಿಳಿವಳಿಕೆ ಬಯಲಾಯಿತು. ಮನೆಗೆ ಒಂದೇ ಫೋನು, ಅದೂ ಬೆಳಿಗ್ಗೆ ಅಬ್ಬಾ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ರಾತ್ರಿ ಮರಳಿದ ಮೇಲೆ ಮೂವರು ಮಕ್ಕಳಿಗೆ ಪಾಳಿ. ಹೆಣ್ಣುಮಕ್ಕಳ ಪಾಳಿ ಸಾಮಾನ್ಯವಾಗಿ ಕೊನೆಗೆ, ಅಷ್ಟರಲ್ಲಿ ದಿನದ ಡೇಟಾ ಮುಗಿದಿರುತ್ತಿತ್ತು. ಆ ವರ್ಷ ಸರ್ಕಾರ ದೂರದರ್ಶನ ಚಂದನದಲ್ಲಿ ಪಾಠ ಪ್ರಸಾರ ಮಾಡಿತು, ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರನ್ನು ಮಕ್ಕಳಿದ್ದ ಓಣಿಗಳಿಗೇ ಕಳಿಸಿತು. ಕಾರಣ ಇದೇ.

ನಮ್ಮ ಸಂಸ್ಥೆಯ ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ ಕಿರಿಯರಿಗಾಗಿ ಪಾಠ ತಯಾರಿಸುವುದಾದರೆ ಆ ಕೊನೆಯ ಪಾಳಿಯ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಿಸಿ. ಐದಾರು ನಿಮಿಷಕ್ಕಿಂತ ಉದ್ದದ ವಿಡಿಯೋ ಬೇಡ. ಫೋನಿನ ಸಣ್ಣ ಪರದೆಯಲ್ಲಿ ಓದಲು ಬರುವಷ್ಟು ದೊಡ್ಡ ಅಕ್ಷರ ಇರಲಿ. ಮನೆಯವರು ಮಲಗಿದ್ದಾಗ ಧ್ವನಿ ಇಲ್ಲದೆಯೂ ಕಲಿಯಲು ಸಾಧ್ಯವಾಗುವಂತೆ ಪಾಠದ ಮಾತನ್ನು ಪ್ರತ್ಯೇಕ ಪುಟದಲ್ಲಿ ಬರೆದು ಕಳಿಸಿ. ವಿಡಿಯೋದಲ್ಲಿ ಮಾತ್ರ ಬರಹವನ್ನು ತೋರಿಸುತ್ತ ಅದನ್ನೇ ಗಟ್ಟಿಯಾಗಿ ಓದಬೇಡಿ. ಕಣ್ಣು ಒಂದು ಕಡೆ, ಕಿವಿ ಒಂದು ಕಡೆ ಎಳೆಯುತ್ತದೆ. ಚಿತ್ರ ತೋರಿಸಿ, ಬಾಯಿಂದ ವಿವರಿಸಿ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರು ಅನೇಕ ಪ್ರಯೋಗಗಳಿಂದ ಕಂಡುಕೊಂಡದ್ದು ಇದನ್ನೇ.

ಎಲ್ಲಕ್ಕಿಂತ ಮೊದಲು, ಪಾಠ ಮುಗಿದ ಮೇಲೆ ಕಲಿತವರು ಏನು ಮಾಡಬಲ್ಲರು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. "ವರ್ನಿಯರ್ ಕ್ಯಾಲಿಪರ್ ಬಗ್ಗೆ ತಿಳಿಯುವುದು" ಎಂದಲ್ಲ, "ವರ್ನಿಯರ್ ಕ್ಯಾಲಿಪರ್‌ನಲ್ಲಿ ಒಂದು ರಾಡಿನ ದಪ್ಪ ಓದಿ ಹೇಳುವುದು" ಎಂದು. ಆಮೇಲೆ ಪ್ರಶ್ನೆ. ಮುಖ್ಯ ಅಳತೆಪಟ್ಟಿಯಲ್ಲಿ 24 ಮಿ.ಮೀ., ವರ್ನಿಯರ್‌ನ 13ನೆಯ ಗೆರೆ ಹೊಂದುತ್ತದೆ, ಕನಿಷ್ಠ ಅಳತೆ 0.02 ಮಿ.ಮೀ. ಸರಿ ಉತ್ತರ 24.26. ತಪ್ಪು ಆಯ್ಕೆಗಳನ್ನು ಸುಮ್ಮನೆ ತೋಚಿದಂತೆ ಹಾಕಬೇಡಿ, ಮಕ್ಕಳು ನಿಜವಾಗಿ ಮಾಡುವ ತಪ್ಪುಗಳಿಂದಲೇ ತೆಗೆಯಿರಿ. ಗುಣಿಸುವುದನ್ನು ಮರೆತವರು 24.13 ಎನ್ನುತ್ತಾರೆ. ನೇರವಾಗಿ ಕೂಡಿದವರು 37 ಎನ್ನುತ್ತಾರೆ. 24.13 ಒತ್ತಿದವರಿಗೆ "ತಪ್ಪು, ಮತ್ತೆ ಪ್ರಯತ್ನಿಸಿ" ಎಂದು ಕೆಂಪು ಅಕ್ಷರ ತೋರಿಸಿದರೆ ಅವರು ಕಲಿಯುವುದು ಏನು? "ಗೆರೆಯನ್ನು ಸರಿಯಾಗಿ ಗುರುತಿಸಿದ್ದೀರಿ. ಆದರೆ ಒಂದು ಗೆರೆಗೆ 0.02 ಎಂದು ಗುಣಿಸಲಿಲ್ಲ. 13ನ್ನು 0.02ರಿಂದ ಗುಣಿಸಿ ನೋಡಿ" ಎಂದು ಬರಲಿ. ಒಳ್ಳೆಯ ಮೇಷ್ಟ್ರು ಪಕ್ಕದಲ್ಲಿ ಕುಳಿತಿದ್ದರೆ ಹಾಗೆಯೇ ಹೇಳುತ್ತಿದ್ದರು.

ಕೊನೆಯದಾಗಿ ಸ್ಲೈಡ್‌ಗಳು. ಇದನ್ನು ಅಲಂಕಾರದ ವಿಷಯವೆಂದು ತಿಳಿದವರಿಗೆ ಕಲ್ಪನಾ ಚಾವ್ಲಾ ಅವರನ್ನು ನೆನಪಿಸುತ್ತೇನೆ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಒಡೆದು, ಅವರೂ ಸೇರಿ ಏಳು ಮಂದಿ ತೀರಿಕೊಂಡರು. ಹಾರುವಾಗ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಎಂಜಿನಿಯರ್‌ಗಳು ಅದರ ಅಪಾಯದ ಬಗ್ಗೆ ಅಧಿಕಾರಿಗಳಿಗೆ ಸ್ಲೈಡ್‌ಗಳನ್ನು ತೋರಿಸಿದ್ದರು. ಅದರಲ್ಲಿ ಒಂದು ಸ್ಲೈಡಿನ ಶೀರ್ಷಿಕೆ ಓದಿದರೆ ಹೆದರಬೇಕಿಲ್ಲ ಎಂಬ ಭಾವ ಬರುತ್ತಿತ್ತು. ಪರೀಕ್ಷೆಗಳಲ್ಲಿ ಬಳಸಿದ ತುಂಡಿಗಿಂತ ನಿಜವಾಗಿ ಬಡಿದ ತುಂಡು ನೂರಾರು ಪಟ್ಟು ದೊಡ್ಡದು ಎಂಬ ಸಂಗತಿ ಅದೇ ಸ್ಲೈಡಿನ ತಳದಲ್ಲಿ, ಚುಕ್ಕೆಯ ಕೆಳಗಿನ ಚುಕ್ಕೆಯ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ದುರಂತಕ್ಕೆ ಮೂಲ ಕಾರಣ ಫೋಮ್. ಆದರೆ ತನಿಖಾ ಮಂಡಳಿ ಆ ವರ್ಷದ ಆಗಸ್ಟ್‌ನ ತನ್ನ ವರದಿಯಲ್ಲಿ, ತಾಂತ್ರಿಕ ಬರಹದ ಬದಲು ಸ್ಲೈಡ್‌ಗಳನ್ನೇ ನೆಚ್ಚಿಕೊಳ್ಳುವ ಈ ಪದ್ಧತಿಯನ್ನೂ ಟೀಕಿಸಿತು.

ಆದ್ದರಿಂದ ಶೀರ್ಷಿಕೆಯಲ್ಲಿಯೇ ವಿಷಯ ಹೇಳಿ. ನಿಮ್ಮ ಪ್ರಾಜೆಕ್ಟು ನಮ್ಮೂರಿನ ಮಂಡಕ್ಕಿ ಭಟ್ಟಿಯ ಇಂಧನದ ಬಗ್ಗೆ ಎಂದುಕೊಳ್ಳಿ. "ಭಟ್ಟಿ: ಒಂದು ಪರಿಚಯ", "ವಿಧಾನ", "ಫಲಿತಾಂಶ" ಎಂಬ ಶೀರ್ಷಿಕೆಗಳು ಯಾವ ಪ್ರಾಜೆಕ್ಟಿಗೂ ಹೊಂದುತ್ತವೆ, ಅಂದರೆ ಏನನ್ನೂ ಹೇಳುವುದಿಲ್ಲ. ನೀವು ಅಳೆದು ಕಂಡದ್ದು ಹಾಗಿದ್ದರೆ, "ಶಾಖದ ಹೆಚ್ಚಿನ ಪಾಲು ಹೊಗೆಯ ಜೊತೆಗೇ ಹೋಗುತ್ತಿದೆ" ಎಂದು ಪೂರ್ಣ ವಾಕ್ಯವನ್ನೇ ಶೀರ್ಷಿಕೆ ಮಾಡಿ. ಅದರ ಕೆಳಗೆ ಭಟ್ಟಿಯ ಒಂದು ಚಿತ್ರ, ಎಲ್ಲೆಲ್ಲಿ ಎಷ್ಟು ಉಷ್ಣಾಂಶ ಎಂಬ ನಾಲ್ಕು ಅಂಕಿಗಳು ಸಾಕು. ಉಳಿದದ್ದನ್ನು ವರದಿಯಲ್ಲಿ ಬರೆಯಿರಿ, ಬಾಯಲ್ಲಿ ಹೇಳಿ. ಸ್ಲೈಡನ್ನು ನೋಡಿ ಓದುತ್ತ ಸಭೆಗೆ ಬೆನ್ನು ತೋರಿಸುವವರನ್ನು ಕಂಡರೆ ನನಗೆ ಆ ಸಭೆಯ ಮೇಲೆಯೇ ಕನಿಕರ ಬರುತ್ತದೆ. ಅಕ್ಷರಗಳು ಹಾರಿಕೊಂಡು ಬರುವುದು, ತಿರುಗುವುದು, ಟೈಪ್‌ರೈಟರ್ ಸದ್ದು, ಇವನ್ನೆಲ್ಲ ಮದುವೆಯ ಆಲ್ಬಮ್ಮಿಗೆ ಬಿಡಿ.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ಕೆಲವು ಕಷ್ಟಗಳಿವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲಾಗದಂತೆ ಆಗುತ್ತವೆ. ಇಂಗ್ಲಿಷಿಗಿಂತ ಹೆಚ್ಚು ಅಂತರ ಕೊಡಿ. ನಮ್ಮ ಪದಗಳು ಉದ್ದ, ಆದ್ದರಿಂದ ಕಿರಿದಾದ ಕಾಲಮ್ಮುಗಳು ಬೇಡ. ಅಕ್ಷರದ ಗಾತ್ರ ಹಿಂದಿನ ಬೆಂಚಿನಿಂದ ನೋಡಿ ತೀರ್ಮಾನಿಸಿ, ಕಂಪ್ಯೂಟರ್ ಮುಂದೆ ಕುಳಿತು ಅಲ್ಲ.

ಇನ್ನು ಫಾಂಟಿನ ಗೋಳು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಇನ್‌ಪೇಜ್‌ನಲ್ಲಿ ಮಾಡಿದ ಉರ್ದುವನ್ನು ಹಾಗೆಯೇ ನಕಲು ಮಾಡಿ ಸ್ಲೈಡಿಗೆ ಅಂಟಿಸಿದರೂ ಹೆಚ್ಚು ಕಡಿಮೆ ಇದೇ ಗತಿ. ಎರಡು ಭಾಷೆಗಳಿಗೂ ಯುನಿಕೋಡ್‌ನಲ್ಲಿಯೇ ಟೈಪು ಮಾಡುವ ಅಭ್ಯಾಸ ಮಾಡಿಕೊಳ್ಳಿ. ಉರ್ದು ಮತ್ತು ಕನ್ನಡ ಒಂದೇ ಸ್ಲೈಡಿನಲ್ಲಿ ಬೇಕಾದರೆ ಬೇರೆ ಬೇರೆ ಚೌಕಗಳಲ್ಲಿ ಇಡಿ. ಒಂದು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ ಹೋಗುವುದರಿಂದ ಒಂದೇ ಸಾಲಿನಲ್ಲಿ ಬೆರೆಸಿದರೆ ಅಂಕಿಗಳೂ ಆವರಣ ಚಿಹ್ನೆಗಳೂ ಸ್ಥಾನ ಬದಲಿಸುತ್ತವೆ.

ಸೆಮಿನಾರಿನ ದಿನ ಅರ್ಧ ಗಂಟೆ ಮೊದಲೇ ಹೋಗಿ ಪ್ರೊಜೆಕ್ಟರಿಗೆ ವೈರು ಹಾಕಿ ನೋಡಿ. ಪೆನ್‌ಡ್ರೈವಿನಲ್ಲಿ ಮೂಲ ಫೈಲಿನ ಜೊತೆಗೆ ಪಿ.ಡಿ.ಎಫ್. ಪ್ರತಿಯನ್ನೂ ಇಟ್ಟುಕೊಳ್ಳಿ, ಅದರಲ್ಲಿ ಫಾಂಟ್ ಕೆಡುವ ಭಯ ಕಡಿಮೆ. ಕಿಟಕಿಯ ಬೆಳಕು ಪರದೆಯ ಮೇಲೆ ಬೀಳುತ್ತಿದ್ದರೆ ಹಳದಿ ಅಕ್ಷರ ಕಾಣುವುದಿಲ್ಲ, ಬಿಳಿಯ ಮೇಲೆ ಕಪ್ಪೇ ಗಟ್ಟಿ. ಮತ್ತು ಮುಖ್ಯವಾದ ಎರಡು ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ಹತ್ತು ಪ್ರತಿ ಕೈಯಲ್ಲಿಟ್ಟುಕೊಂಡು ಹೋಗಿ. ಮಧ್ಯದಲ್ಲಿ ಕರೆಂಟ್ ಹೋದರೆ ಅವನ್ನು ಮುಂದಿನ ಸಾಲಿಗೆ ಹಂಚಿ, ಬಾಗಿಲು ತೆರೆಸಿ, ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದಲೇ ಮಾತು ಮುಂದುವರಿಸಿ.